ಕೊಂಡವರ ಚರಿತ್ರೆ, ಕಟ್ಟಿದವರ ದೋಣಿ

ಇಟಲಿಯ ರೀವಾ ಮೋಟಾರು ದೋಣಿಗಳ ಬಗ್ಗೆ ಯಾರು ಬರೆದರೂ ಮೊದಲು ಬರೋದು ಬ್ರಿಜಿತ್ ಬಾರ್ದೋ, ಸೋಫಿಯಾ ಲೊರೆನ್. ನನಗೆ ಇದು ಅರ್ಧ ಚರಿತ್ರೆ ಅನ್ನಿಸುತ್ತೆ.

ಇಸೆಯೊ ಸರೋವರದ ದಂಡೆಯ ಸಾರ್ನಿಕೊದಲ್ಲಿ ರೀವಾ ಮನೆತನದ ದೋಣಿ ಕೆಲಸ ಶುರುವಾದದ್ದು 1842ರಲ್ಲಿ. 1962ರಲ್ಲಿ ಕಾರ್ಲೊ ರೀವಾ ‘ಅಕ್ವಾರಾಮಾ’ ತಂದರು. ಮಹಾಗನಿ ಮೈ, ಎರಡು ಎಂಜಿನ್, ಸಿನೆರಾಮಾ ಪರದೆಯ ಹಾಗೆ ಬಾಗಿದ ಮುಂದಿನ ಗಾಜು, ಹೆಸರೂ ಅಲ್ಲಿಂದಲೇ. ಅಷ್ಟರಲ್ಲಿ ಫೈಬರ್ ಗ್ಲಾಸ್ ಬಂದಿತ್ತು. ಒಂದೇ ಅಚ್ಚಿನಲ್ಲಿ ಹತ್ತಾರು ದೋಣಿ ತೆಗೀಬಹುದು. ಮರಕ್ಕೆ ಆ ಸೌಕರ್ಯ ಇಲ್ಲ. ಪದರ ಪದರವಾಗಿ ವಾರ್ನಿಶ್ ಹಚ್ಚಬೇಕು, ಉಜ್ಜಬೇಕು, ಮತ್ತೆ ಹಚ್ಚಬೇಕು. ಆದರೂ ಅಕ್ವಾರಾಮಾ 1996ರವರೆಗೆ ನಡೀತು. ತಾರೆಯರು ದುಡ್ಡು ಕೊಟ್ಟದ್ದು ಆ ಉಜ್ಜುವ ಕೈಗಳ ಕೆಲಸಕ್ಕೇ. ಆ ಕೈಗಳು ಮಾತ್ರ ಫೋಟೋದಲ್ಲಿಲ್ಲ.

ಶಹಾಬಾದ್ ಕಡೆಯವರಿಗೆ ಇದು ಬೇಗ ತಿಳಿಯುತ್ತೆ. ನಮ್ಮ ಪರಸಿ ಕಲ್ಲು ಎಷ್ಟೋ ಊರುಗಳ ಮನೆಗಳಿಗೆ ನೆಲವಾಯಿತು. ಚಿತ್ತಾಪುರ, ಸೇಡಂ ಖಣಿಗಳಲ್ಲಿ ಉಳಿ ಹಿಡಿದು ಅದರ ಪದರ ಬಿಡಿಸಿದವರು ಯಾರು? ಕೇಳಿ ನೋಡಿ, ಹೇಳೋರು ಸಿಗೋದು ಕಷ್ಟ. ಈಗ ಹೊಸ ಮನೆಗಳಿಗೆ ಅಚ್ಚಿನ ಟೈಲ್ಸ್ ಬರ್ತಿದೆ.

ಕೊಂಡವರ ಪಟ್ಟಿ ಚರಿತ್ರೆ ಆಗಲ್ಲ. ಹಲಗೆ ಬಾಗಿಸೋದನ್ನ ಯಾರು ಯಾರಿಗೆ ಕಲಿಸಿದರು, ಕೂಲಿ ಎಷ್ಟು ಸಿಕ್ಕಿತು, ಇದನ್ನ ಬರೆದ ಪುಸ್ತಕ ಬಂದರೆ ನಾನಂತೂ ದುಡ್ಡು ಕೊಟ್ಟು ಓದ್ತೀನಿ.