ಹೊಟ್ಟೆಪಾಡಿನ ಕ್ಯಾಮೆರಾ

ಛಾಯಾಗ್ರಾಹಕ ಫ್ರಾಂಕ್ ಮೆಡೋ ಸಟ್‌ಕ್ಲಿಫ್‌ನನ್ನು (1853–1941) ಮೆಚ್ಚುವವರು ಅವನನ್ನು ಎರಡು ಹೋಳು ಮಾಡುತ್ತಾರೆ. ಇಂಗ್ಲೆಂಡಿನ ವಿಟ್‌ಬಿ ಬಂದರಿನ ಬೆಸ್ತರನ್ನು ಸೆರೆಹಿಡಿದ ಕಲಾವಿದ ಒಬ್ಬ. ಬೇಸಿಗೆಯ ಪ್ರವಾಸಿಗರ ಭಾವಚಿತ್ರ ತೆಗೆದು ಸಂಸಾರ ತೂಗಿಸಿದ ಅಂಗಡಿಕಾರ ಇನ್ನೊಬ್ಬ. ಸ್ಟುಡಿಯೋ ದುಡಿಮೆ ತನ್ನನ್ನು ಕಟ್ಟಿಹಾಕಿದೆಯೆಂದು ಅವನೂ ಗೊಣಗುತ್ತಿದ್ದ. ಆ ಗೊಣಗಾಟವನ್ನು ನಾನು ಪೂರ್ತಿ ನಂಬಲಾರೆ.

ಟನ್‌ಬ್ರಿಜ್ ವೆಲ್ಸ್‌ನಲ್ಲಿ ತೆರೆದ ಸ್ಟುಡಿಯೋ ಕೈಹಿಡಿಯದೆ, 1870ರ ದಶಕದ ನಡುಭಾಗದಲ್ಲಿ ಅವನು ವಿಟ್‌ಬಿಯಲ್ಲಿ ಅಂಗಡಿ ಹೂಡಿದ. ಶೋಕಾಭರಣಕ್ಕೆ ಬಳಸುತ್ತಿದ್ದ ಜೆಟ್ ಎಂಬ ಕರಿಕಲ್ಲಿನ ಹಳೆಯ ಕಾರ್ಯಾಗಾರವೇ ಸ್ಟುಡಿಯೋ ಆಯಿತು. ಗಾಜಿನ ಫಲಕಕ್ಕೆ ಕೊಲೋಡಿಯನ್ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿದ್ದ ಕಾಲ ಅದು. ಸುಧಾರಿತ ಒಣ ಫಲಕಗಳು ಬಳಕೆಗೆ ಬಂದದ್ದು ಸ್ವಲ್ಪ ತಡವಾಗಿ. ರೈಲಿಳಿದು ಬಂದ ಅಪರಿಚಿತರನ್ನು ಮಿಸುಕದಂತೆ ಕೂರಿಸಬೇಕು, ಮುಖವೂ ಬಿಗಿಯಬಾರದು. ಇದೇ ನಿತ್ಯದ ಪಾಡು.

ಬಂದರಿನ ಚಿತ್ರಗಳಲ್ಲಿರುವುದೂ ಇದೇ ಕಸುಬು. ಹರಟುತ್ತ ನಿಂತ ಮುದುಕರು, ಬುಟ್ಟಿ ಹಿಡಿದ ಹೆಂಗಸರು ತಮ್ಮ ಪಾಡಿಗೆ ತಾವಿದ್ದಂತೆ ಕಂಡರೂ, ಯಾರ ತೋಳೂ ಯಾರ ಮುಖಕ್ಕೂ ಅಡ್ಡ ಬರಬಾರದೆಂಬ ಲೆಕ್ಕ ಅಲ್ಲಿದೆ. 1886ರ ‘ವಾಟರ್ ರ್‍ಯಾಟ್ಸ್’ನಲ್ಲಿ ದೋಣಿಯ ಸುತ್ತ ಬೆತ್ತಲೆ ಹುಡುಗರ ನೀರಾಟ. ಊರಿನ ಪಾದ್ರಿಗಳು ಸಿಡಿಮಿಡಿಗೊಂಡರಂತೆ. ಮುಂದೆ ಏಳನೇ ಎಡ್ವರ್ಡ್ ಆದ ಯುವರಾಜ ಅದರ ಹಿಗ್ಗಿಸಿದ ಪ್ರತಿ ತರಿಸಿಕೊಂಡನಂತೆ. ಆ ಗದ್ದಲ ಹಾಗಿರಲಿ. ಅಷ್ಟು ಹುಡುಗರಿದ್ದೂ ಚಿತ್ರ ಗೊಂದಲವಾಗದಿರುವುದೇ ಸೋಜಿಗ. ಹಿಂದಿನ ಊರು ಮಂಜಿನಲ್ಲಿ ಮಸುಕಾಗಿ, ಸ್ಟುಡಿಯೋದ ಪರದೆ ಮಾಡುವ ಕೆಲಸವನ್ನೇ ಮಾಡುತ್ತದೆ.

ಆದರೆ ಈ ಅಂದಕ್ಕೊಂದು ಬೆಲೆ ಇದೆ. ಹರಿದ ಬಟ್ಟೆಯೂ ಇಲ್ಲಿ ಸೊಗಸು. ಹಸಿವು, ಸಾಲ, ಸಮುದ್ರಕ್ಕೆ ಹೋದವನು ಬಾರದ ಮನೆ ಇವೆಲ್ಲ ಚೌಕಟ್ಟಿನ ಆಚೆಗೇ ಉಳಿದವು. 1892ರಲ್ಲಿ ‘ಲಿಂಕ್ಡ್ ರಿಂಗ್’ ಕೂಟ ಕಟ್ಟಿ ಛಾಯಾಗ್ರಹಣವೂ ಕಲೆಯೆಂದು ವಾದಿಸಿದವರಲ್ಲಿ ಇವನೂ ಒಬ್ಬ. ಆ ವಾದದ ಹುಮ್ಮಸ್ಸಿನಲ್ಲಿ ಬೆಸ್ತರ ಬಡತನ ಬರೀ ಒಳ್ಳೆಯ ವಸ್ತುವಾಯಿತೇ ಎಂಬ ಅನುಮಾನ ನನ್ನನ್ನು ಬಿಡುವುದಿಲ್ಲ.

ಈ ಸೊಗಸಿಗೆ ದೊಡ್ಡ ಅಪವಾದ ಹೆನ್ರಿ ಫ್ರೀಮನ್‌ನ ಚಿತ್ರ. 1861ರ ಬಿರುಗಾಳಿಯಲ್ಲಿ ವಿಟ್‌ಬಿಯ ರಕ್ಷಣಾ ದೋಣಿ ಮಗುಚಿ ಹದಿಮೂರು ಮಂದಿಯಲ್ಲಿ ಬದುಕುಳಿದವನು ಇವನೊಬ್ಬನೇ, ಅದೂ ಬೆಂಡಿನ ಜಾಕೆಟ್ ತೊಟ್ಟಿದ್ದರಿಂದ. ಸಟ್‌ಕ್ಲಿಫ್ ಅವನನ್ನು ಅಂಥದೇ ಜಾಕೆಟ್ಟಿನಲ್ಲಿ ನಿಲ್ಲಿಸಿದ್ದಾನೆ. ಮಂಜಿಲ್ಲ, ಬಂದರಿಲ್ಲ. ಕಾಸು ಕೊಟ್ಟ ಗಿರಾಕಿಯನ್ನು ನಿಲ್ಲಿಸುವಂತೆಯೇ ನಿಲ್ಲಿಸಿದ ಈ ಭಾವಚಿತ್ರವನ್ನು ನಾನು ‘ವಾಟರ್ ರ್‍ಯಾಟ್ಸ್’ಗಿಂತ ಮೇಲೆ ಇಡುತ್ತೇನೆ.