ಹೊಸಬರ ದನಿ

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಐಚ್ಛಿಕ ಕನ್ನಡ ಓದಿ ಬಿ.ಎ. ಮಾಡಿದವಳು, ಈಗ ನಾಲ್ಕಾರು ಗೆಳೆಯರೊಡನೆ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆ. "ಸಾರ್, ನಮ್ಮ ಹಾಗೆ ಹೊಸದಾಗಿ ಕಲಿಯುವವರಿಗಾಗಿ ಕನ್ನಡದಲ್ಲಿ ಒಂದು ಪಾಡ್‌ಕಾಸ್ಟ್ ಶುರುಮಾಡಬೇಕೆಂದಿದ್ದೇವೆ. ಆದರೆ ನನಗೇ ಅರ್ಧಂಬರ್ಧ ಬರುವ ವಿದ್ಯೆ. ಮಾತಾಡುವ ಅಧಿಕಾರ ನನಗಿದೆಯೇ?" ಎಂದಳು.

ಆ ವಿದ್ಯೆಯ ಗಂಧವೂ ನನಗಿಲ್ಲ. ಆದರೆ ಅಧಿಕಾರದ ಪ್ರಶ್ನೆ ಸಾಹಿತ್ಯದವರಿಗೆ ಹೊಸತಲ್ಲವಷ್ಟೆ! ಅವಳು ಹೆಸರಿಸಿದ ಎರಡು ಇಂಗ್ಲಿಷ್ ಮಾಲಿಕೆಗಳ ಕೆಲವು ಸಂಚಿಕೆಗಳನ್ನು ಕೇಳಿ, ಪುಸ್ತಕಕ್ಕೆ ಬೆಲೆ ಕಟ್ಟುವಂತೆಯೇ ಇವಕ್ಕೂ ಬೆಲೆ ಕಟ್ಟಲು ಯತ್ನಿಸಿದ್ದೇನೆ.

ಮೊದಲನೆಯದು 'ಕೋಡ್‌ನ್ಯೂಬಿ'. ಇದನ್ನು ಆರಂಭಿಸಿದ ಅಮೆರಿಕದ ಸರೋನ್ ಯಿಟ್ಬಾರೆಕ್ ಆಗತಾನೆ ಪ್ರೋಗ್ರಾಮಿಂಗ್ ಕಲಿತವರು. ಅವರು ಮೊದಲಿಗೇ ಮೈಕಿನ ಮುಂದೆ ಕೂರಲಿಲ್ಲ. ಬುಧವಾರದ ರಾತ್ರಿಗಳಲ್ಲಿ ಟ್ವಿಟರಿನಲ್ಲಿ ಹೊಸಬರನ್ನು ಕೂಡಿಸಿ ಮಾತಾಡಿಸಿದರು; ಪಾಡ್‌ಕಾಸ್ಟ್ ಬಂದದ್ದು ಅನಂತರ, 2014ರಲ್ಲಿ. ಬಳಗ ಮೊದಲು, ದನಿ ಆಮೇಲೆ. ಕೇಳುವವರ ಮುಖ ಕಂಡವರ ಮಾತಿನಲ್ಲಿ ಒಂದು ಸಲುಗೆ ಇರುತ್ತದೆ. ಈ ಮಾಲಿಕೆಯ ಜೀವ ಅದೇ.

ಎರಡನೆಯದು 'ಬೇಸ್ ಸಿಎಸ್'. ವೈದೇಹಿ ಜೋಶಿ ಕಂಪ್ಯೂಟರ್ ಶಾಸ್ತ್ರದ ಪದವೀಧರರಲ್ಲ. 2017ರಲ್ಲಿ ಆ ಶಾಸ್ತ್ರದ ಮೂಲತತ್ವಗಳನ್ನು ತಾವೇ ಕಲಿಯುತ್ತ ವಾರಕ್ಕೊಂದು ಲೇಖನ ಬರೆದರು. ಮುಂದೆ ಅದೇ ವಿಷಯಗಳನ್ನು ಯಿಟ್ಬಾರೆಕ್‌ರೊಡನೆ ಸಂಭಾಷಣೆಯಾಗಿ ಪಾಡ್‌ಕಾಸ್ಟಿಗೆ ತಂದರು. ಇದು ಸುಲಭವಲ್ಲ. ಪ್ರೋಗ್ರಾಮು ಕಣ್ಣಿಗೆ ಸೇರಿದ್ದು. ಅದರ ಆವರಣ ಚಿಹ್ನೆಗಳನ್ನು ಕಿವಿಗೆ ಓದಿ ಹೇಳಿದರೆ ಯಾರಿಗೆ ಅರ್ಥವಾದೀತು? ಆದ್ದರಿಂದ ಉಪಮೆಯೇ ಗತಿ.

'ಲಿಂಕ್ಡ್ ಲಿಸ್ಟ್' ಎಂದರೇನೆಂದು ನಾನು ಕೇಳಿದಾಗ ಆ ಹುಡುಗಿ ಹೇಳಿದಳು: "ಗೊತ್ತಿಲ್ಲದ ಊರು ಸಾರ್. ಪ್ರತಿ ಮನೆಯವರಿಗೂ ಮುಂದಿನ ಒಂದು ಮನೆಯ ವಿಳಾಸ ಮಾತ್ರ ಗೊತ್ತು. ಹತ್ತನೆಯ ಮನೆಗೆ ಹೋಗಬೇಕಾದರೆ ಒಂಬತ್ತು ಬಾಗಿಲು ತಟ್ಟಬೇಕು. ನಡುವೆ ಒಬ್ಬರು ವಿಳಾಸ ಮರೆತರೆ ಮುಂದಿನ ಊರೇ ಕೈತಪ್ಪಿಹೋಯಿತು." ನನಗೂ ತಿಳಿಯಿತು! ಅವಳು ಇದನ್ನು ಕಲಿತು ವಾರವಾಗಿತ್ತಷ್ಟೆ. ಎಲ್ಲಿ ಎಡವಿದೆನೆಂಬುದು ಅವಳಿಗಿನ್ನೂ ನೆನಪಿತ್ತು. ಇಪ್ಪತ್ತು ವರ್ಷ ಹಳಗನ್ನಡ ಪಾಠ ಹೇಳಿರುವ ನಾನು, ಹುಡುಗರು ಎಲ್ಲಿ ಎಡವುತ್ತಾರೆಂಬುದನ್ನು ಎಂದೋ ಮರೆತಿದ್ದೇನೆ. ಹೊಸಬರ ಅಧಿಕಾರವೆಂದರೆ ಈ ನೆನಪೇ.

ಆದರೆ ಈ ಬಂಡವಾಳ ಬೇಗ ಕರಗುವಂಥದು. ಎರಡು ವರ್ಷ ಕಳೆದ ಮೇಲೂ "ನನಗೇನೂ ತಿಳಿಯದು" ಎಂದರೆ ಅದು ವಿನಯವಲ್ಲ, ವೇಷ. ಹೊಸಬರ ತಪ್ಪು ಪಾಠವಾಗಿ ಹರಡುವ ಅಪಾಯವೂ ಉಂಟು. ತಪ್ಪಿದ್ದನ್ನು ಮುಂದಿನ ಸಂಚಿಕೆಯಲ್ಲಿ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು.

'ಕೋಡ್‌ನ್ಯೂಬಿ'ಯ ಬಗ್ಗೆ ನನ್ನದೊಂದು ಆಕ್ಷೇಪಣೆಯಿದೆ. ನಾನು ಕೇಳಿದ ಅತಿಥಿಗಳ ಕಥೆಗಳು ಬಹುಮಟ್ಟಿಗೆ ಒಂದೇ ಹಾದಿ ಹಿಡಿಯುತ್ತವೆ: ಬೇರೆ ಕಸುಬು, ಕಷ್ಟ, ಕೊನೆಗೆ ಕೆಲಸ. ಹರಿಕಥೆಯಂತೆ ಮಂಗಳ ಖಂಡಿತ. ಸಂತೋಷವೇ. ಆದರೆ ನಡುದಾರಿಯಲ್ಲಿ ಕೈಬಿಟ್ಟವರ ದನಿ ಎಲ್ಲಿ? ರಾತ್ರಿ ಒಬ್ಬನೇ ಕೂತು, ಪ್ರೋಗ್ರಾಮು ನಡೆಯದೆ ಕಂಗೆಟ್ಟವನಿಗೆ ಗೆದ್ದವರ ಕಥೆ ಧೈರ್ಯವಾಗುವ ಬದಲು ಮೂದಲಿಕೆಯಾಗಬಹುದು.

ಅವಳಿಗೆ ನಾನು ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ಮಾತು ತೆಗೆದೆ. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಆರಂಭಿಸಿದ ಅವರು ಎಂಜಿನಿಯರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆಮೇಲೆ ಕೇಳಿದೆ: "ನಿಮ್ಮ ಗುಂಪಿನಲ್ಲಿ ಬಿಟ್ಟುಹೋದವರು ಇದ್ದಾರೇನಮ್ಮ?"

"ಇಬ್ಬರಿದ್ದಾರೆ ಸಾರ್."

"ಅವರಲ್ಲೊಬ್ಬರನ್ನು ಮೊದಲ ಸಂಚಿಕೆಗೆ ಕರೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಬರುತ್ತಾರೋ ಇಲ್ಲವೋ, ಕೇಳಿ ನೋಡುತ್ತೇನೆ" ಎಂದಳು.