ವಾಹನದ ಅಂಕಿಗಳೂ ಆಟದ ನಿಯಮಗಳೂ
1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಟ್ವೈಲೈಟ್: 2000' ಎಂಬ ಮೇಜಿನ ಆಟದಲ್ಲಿ, ಆಟಗಾರರು ಯುದ್ಧದಿಂದ ಹಾಳಾದ ಪೋಲೆಂಡಿನಲ್ಲಿ ಸಿಲುಕಿದ ಸೈನಿಕರ ಪಾತ್ರ ವಹಿಸುತ್ತಾರೆ. ನಿಜವಾದ ಟ್ಯಾಂಕುಗಳ ಕವಚ, ವೇಗ, ಫಿರಂಗಿಗಳನ್ನು ಅದು ಅಂಕಿಗಳಿಗಿಳಿಸುತ್ತದೆ. ಇಂತಹ ಕೋಷ್ಟಕವನ್ನೇ ಇತಿಹಾಸವೆಂದು ನಂಬಲಾಗದೆಂಬುದು ನಮ್ಮ ಮತ. 1943ರ ಜುಲೈನಲ್ಲಿ ಜರ್ಮನರು ಕುರ್ಸ್ಕ್ ಕದನಕ್ಕೆ ಸುಮಾರು 200 ಹೊಸ ಪ್ಯಾಂಥರ್ ಟ್ಯಾಂಕುಗಳನ್ನು ಕಳುಹಿದರು. 80 ಮಿಲಿಮೀಟರ್ ಮುಂಗವಚ, 75 ಮಿಲಿಮೀಟರ್ ಫಿರಂಗಿ: ಕೋಷ್ಟಕದಲ್ಲಿ ನೋಡಿದರೆ ಅವು ಅಜೇಯವೇ. ಆದರೆ ಯಂತ್ರದೋಷಗಳಿಂದಲೇ ಅವುಗಳಲ್ಲಿ ಅನೇಕವು ಕೆಲವು ದಿನಗಳಲ್ಲಿ ನಿಂತುಹೋದುವು. ಇಂಧನದ ವೆಚ್ಚಕ್ಕೂ ದುರಸ್ತಿಯ ಹೊರೆಗೂ ನಿಯಮಗಳನ್ನು ವಿಧಿಸಿ, ಮದ್ಯಸಾರವನ್ನು ಬಟ್ಟಿಯಿಳಿಸಿ ವಾಹನ ನಡೆಸುವಂತೆ ಮಾಡಿದುದೇ ಈ ಆಟದ ಹಿರಿಮೆ. ತಾಂತ್ರಿಕ ಪಟ್ಟಿಗಳನ್ನು ಆಕರವಾಗಿ ಬಳಸುವ ವಿದ್ಯಾರ್ಥಿಗಳೂ ದುರಸ್ತಿ, ಸರಬರಾಜುಗಳ ದಾಖಲೆಗಳನ್ನು ಜೊತೆಗಿಟ್ಟುಕೊಂಡೇ ಓದತಕ್ಕದ್ದು.